ಏಳು ದಿನ, ಐವತ್ತು ತಲೆ: ಎನ್ನೆಸ್ಸೆಸ್ ಶಿಬಿರ ನಾಯಕರ ಪ್ರಶ್ನೆಗಳಿಗೆ ಉತ್ತರ

ಕಾಲೇಜುಗಳ ಎನ್ನೆಸ್ಸೆಸ್ (ರಾಷ್ಟ್ರೀಯ ಸೇವಾ ಯೋಜನೆ) ಘಟಕಗಳು ಹಳ್ಳಿಗಳಿಗೆ ಹೊರಡುವ ಕಾಲ. ಈ ಸಲದ ಅಂಕಣವನ್ನು ಪೂರ್ತಿಯಾಗಿ ವಾರ್ಷಿಕ ವಿಶೇಷ ಶಿಬಿರಕ್ಕೇ ಬಿಟ್ಟಿದ್ದೇವೆ. ಪತ್ರ ಬರೆದವರಲ್ಲಿ ಹೆಚ್ಚಿನವರು ಘಟಕದ ಹೊಣೆ ಹೊತ್ತ ಅಧ್ಯಾಪಕರಾದ ಕಾರ್ಯಕ್ರಮಾಧಿಕಾರಿಗಳಲ್ಲ, ಸ್ವಯಂಸೇವಕರ ನಡುವಿನಿಂದಲೇ ನಾಯಕ ಅಥವಾ ನಾಯಕಿ ಎಂದು ಆರಿಸಿಬಂದ ಹುಡುಗ ಹುಡುಗಿಯರು. ಹೊಸಬರಿಗಾಗಿ ಎರಡು ಮಾತು: ಈ ಯೋಜನೆ ಶುರುವಾದದ್ದು ಗಾಂಧೀಜಿ ಜನ್ಮಶತಾಬ್ದಿಯ ವರ್ಷ, 1969ರ ಸೆಪ್ಟೆಂಬರ್ 24ರಂದು, ದೇಶದ 37 ವಿಶ್ವವಿದ್ಯಾಲಯಗಳಲ್ಲಿ. ಎರಡು ವರ್ಷಕ್ಕೆ 240 ಗಂಟೆ ಸೇವೆ, ಜತೆಗೆ ಏಳು ದಿನದ ಒಂದು ವಿಶೇಷ ಶಿಬಿರ ಮುಗಿಸಿದವರಿಗೆ ಪ್ರಮಾಣಪತ್ರ. ಇಲ್ಲಿನ ಲೆಕ್ಕಗಳೆಲ್ಲ 50 ಶಿಬಿರಾರ್ಥಿಗಳು, ಅಧ್ಯಾಪಕರು, ಅಡುಗೆಯವರು, ಬಂದುಹೋಗುವವರು ಸೇರಿ 60 ಜನಕ್ಕೆ.

ಪ್ರಶ್ನೆ: ನಮ್ಮ ಸರ್ ನನ್ನನ್ನು ಶಿಬಿರದ ನಾಯಕಿ ಮಾಡಿದ್ದಾರೆ. ಊರು ನೋಡಿಕೊಂಡು ಬಾ ಎಂದಿದ್ದಾರೆ. ಹೋಗಿ ಏನು ನೋಡಬೇಕು?
(ದ್ವಿತೀಯ ಬಿ.ಕಾಂ. ವಿದ್ಯಾರ್ಥಿನಿ, ಹಾಸನ)

ಶಿಬಿರಕ್ಕೆ ಹದಿನೈದು ದಿನ ಮೊದಲು ಒಮ್ಮೆ, ಎರಡು ದಿನ ಮೊದಲು ಮತ್ತೊಮ್ಮೆ ಹೋಗಿ. ಮೊದಲ ಸಲ ಹೋದಾಗ ವೇದಿಕೆ ಎಲ್ಲಿ, ಬ್ಯಾನರ್ ಎಲ್ಲಿ ಎಂದು ನೋಡುತ್ತ ನಿಲ್ಲಬೇಡಿ. ನೇರ ಶೌಚಾಲಯಕ್ಕೆ ಹೋಗಿ ಬಾಗಿಲು ಎಳೆದು ನೋಡಿ. ಎಷ್ಟಿವೆ, ಒಳಗೆ ಚಿಲಕ ಬೀಳುತ್ತದೆಯೇ, ಲೈಟು ಇದೆಯೇ, ಒಂದು ಬಕೆಟ್ ನೀರು ಸುರಿದರೆ ಸರಾಗ ಹೋಗುತ್ತದೆಯೇ?

ಈಗ ಲೆಕ್ಕ ಹಾಕಿ. ಹುಡುಗಿಯರು 25, ಶೌಚಾಲಯ 2, ಒಬ್ಬರಿಗೆ 5 ನಿಮಿಷ ಎಂದರೂ ಒಂದು ಗಂಟೆಗೆ ಮೇಲಾಯಿತು. ಹುಡುಗರ ಕಡೆ ಒಂದೇ ಇದ್ದರೆ ಎರಡು ಗಂಟೆ. ಸ್ನಾನ ಬೇರೆ. ಐದೂವರೆಗೆ ಎಲ್ಲರನ್ನೂ ಒಟ್ಟಿಗೆ ಎಬ್ಬಿಸಿ ಆರೂಕಾಲಿಗೆ ಧ್ವಜಾರೋಹಣ ಎಂದು ವೇಳಾಪಟ್ಟಿ ಬರೆದರೆ ಮೊದಲ ದಿನವೇ ಅದು ಕುಸಿಯುತ್ತದೆ. ತಂಡ ತಂಡವಾಗಿ ಕಾಲು ಗಂಟೆ ಅಂತರದಲ್ಲಿ ಎಬ್ಬಿಸಿ. ಸ್ನಾನವನ್ನು ಅರ್ಧ ಜನಕ್ಕೆ ಶ್ರಮದಾನದ ನಂತರಕ್ಕೆ ಇಡಿ. ಹೇಗೂ ಮಣ್ಣು ಹೊತ್ತು ಬಂದವರಿಗೆ ಆಗಲೇ ಸ್ನಾನ ಬೇಕು.

ಮುಂದಿನದು ನೀರು. ಸ್ನಾನ, ಶೌಚ, ಬಟ್ಟೆ ಸೇರಿ ತಲೆಗೆ ದಿನಕ್ಕೆ 40 ಲೀಟರ್ ಹಿಡಿಯಿರಿ. 60 ಜನಕ್ಕೆ 2,400 ಲೀಟರ್ ಆಯಿತು. ಅಡುಗೆ ಮತ್ತು ಪಾತ್ರೆ ತೊಳೆಯಲು ಇನ್ನು 300. ಶಾಲೆಯ ಮೇಲಿನ ಸಿಂಟೆಕ್ಸ್ ಟ್ಯಾಂಕು ಸಾಮಾನ್ಯವಾಗಿ 500 ಅಥವಾ 1,000 ಲೀಟರಿನದು. ಅಂದರೆ ದಿನಕ್ಕೆ ಮೂರರಿಂದ ಆರು ಸಲ ತುಂಬಬೇಕು. ಇಲ್ಲಿ ನಿಮಗೆ ಬೇಕಾದವರು ಪಂಚಾಯಿತಿ ಅಧ್ಯಕ್ಷರಲ್ಲ, ನೀರುಗಂಟಿ. ಊರಿಗೆ ತ್ರೀಫೇಸ್ ಕರೆಂಟು ಯಾವ ಹೊತ್ತಿಗೆ ಬರುತ್ತದೆ, ಯಾವ ಓಣಿಗೆ ಯಾವಾಗ ನೀರು ಬಿಡುತ್ತಾರೆ, ಶಾಲೆಯ ಗೇಟ್‌ವಾಲ್ವ್ ಎಲ್ಲಿದೆ, ಎಲ್ಲವೂ ಅವರಿಗೇ ಗೊತ್ತು. ಅವರ ಫೋನ್ ನಂಬರು ಬರೆದುಕೊಳ್ಳಿ. ಉದ್ಘಾಟನೆಗೆ ಅವರನ್ನೂ ಕರೆಯಿರಿ, ಮುಂದಿನ ಸಾಲಿನಲ್ಲಿ ಕೂರಿಸಿ. ಇದು ಬರೀ ಮರ್ಯಾದೆಯ ಮಾತಲ್ಲ, ಏಳು ದಿನದ ನೀರಿನ ಮಾತು.

ಉಳಿದವು: ಮಲಗುವ ಕೋಣೆಗಳಲ್ಲಿ ಎಷ್ಟು ಪ್ಲಗ್‌ಪಾಯಿಂಟ್ ಕೆಲಸ ಮಾಡುತ್ತವೆ, ಹೆಂಚು ಸೋರುತ್ತದೆಯೇ, ಬೀಗದಕೈ ಯಾರ ಬಳಿ, ಪ್ರಾಥಮಿಕ ಆರೋಗ್ಯ ಕೇಂದ್ರ ಎಷ್ಟು ದೂರ, ರಾತ್ರಿ ಹೊತ್ತು ಊರಲ್ಲಿ ಯಾರ ವಾಹನ ಸಿಗುತ್ತದೆ, ಫೋನ್ ಸಿಗ್ನಲ್ ಎಲ್ಲಿ ನಿಂತರೆ ಬರುತ್ತದೆ. ಶಾಲೆ ನಡೆಯುವ ದಿನಗಳಾದರೆ ಬೆಳಿಗ್ಗೆ ಒಂಬತ್ತರೊಳಗೆ ಕೋಣೆ ಖಾಲಿ ಮಾಡಿ ಗುಡಿಸಿ ಕೊಡಬೇಕಾಗುತ್ತದೆ. ಹಾಗಿದ್ದರೆ ಹಾಸಿಗೆ, ಚೀಲ ಎಲ್ಲಿ ಇಡುವುದು ಎಂದು ಮುಖ್ಯೋಪಾಧ್ಯಾಯರನ್ನು ಅವತ್ತೇ ಕೇಳಿ. ಎರಡನೇ ಭೇಟಿ ಬರೀ ಪರೀಕ್ಷೆಗೆ: ಒಪ್ಪಿಕೊಂಡದ್ದೆಲ್ಲ ಆಗಿದೆಯೇ ಎಂದು ಪಟ್ಟಿ ಹಿಡಿದು ನೋಡಿ ಬನ್ನಿ.

ಪ್ರಶ್ನೆ: ಅಡುಗೆಗೆ ಭಟ್ಟರೊಬ್ಬರು ಬರುತ್ತಾರೆ, ಆದರೆ ಸಾಮಾನು ತರುವುದು ನಾವೇ. ಕಳೆದ ಸಲ ಮೂರನೇ ದಿನಕ್ಕೇ ಬೇಳೆ ಮುಗಿದು, ಕೊನೆಗೆ 15 ಕೆ.ಜಿ. ಅವಲಕ್ಕಿ ಉಳಿಯಿತು. ಅಳತೆ ತಿಳಿಸಿ.
(ಶಿಬಿರದ ಅಡುಗೆ ಉಸ್ತುವಾರಿ, ತುಮಕೂರು)

ಅವಲಕ್ಕಿ ಉಳಿದದ್ದು ಅಂಗಡಿಯವರು ಹೇಳಿದ ಲೆಕ್ಕಕ್ಕೆ ತಂದದ್ದರಿಂದ ಇರಬೇಕು. ಮದುವೆ ಮನೆಯ ಲೆಕ್ಕ ಬೇರೆ, ಶಿಬಿರದ್ದು ಬೇರೆ. ಮದುವೆಯಲ್ಲಿ ಹತ್ತು ಬಗೆ ಇರುತ್ತದೆ, ಅನ್ನ ಕಡಿಮೆ ಹೋಗುತ್ತದೆ. ಶಿಬಿರದಲ್ಲಿ ಬೆಳಿಗ್ಗೆ ಎರಡು ಗಂಟೆ ಪಿಕಾಸಿ ಹಿಡಿದವರು ಮಧ್ಯಾಹ್ನ ಅನ್ನ ಸಾರನ್ನೇ ಉಣ್ಣುತ್ತಾರೆ.

ಅಕ್ಕಿ ಒಂದು ಊಟಕ್ಕೆ ತಲೆಗೆ 150 ಗ್ರಾಂ. 60 ಜನಕ್ಕೆ 9 ಕೆ.ಜಿ. ಮೊದಲ ದಿನ ರಾತ್ರಿ 8 ಕೆ.ಜಿ. ಸಾಕು, ಯಾರಿಗೂ ಹಸಿವು ತೆರೆದಿರುವುದಿಲ್ಲ. ಮೂರನೇ ದಿನದಿಂದ 10 ಆದರೂ ಆಶ್ಚರ್ಯವಿಲ್ಲ. ಸಾಂಬಾರಿಗೆ ತೊಗರಿಬೇಳೆ 2 ಕೆ.ಜಿ., ತರಕಾರಿ 6 ಕೆ.ಜಿ., ಹುಣಸೆಹಣ್ಣು 200 ಗ್ರಾಂ, ಸಾಂಬಾರು ಪುಡಿ 250 ಗ್ರಾಂ, ತೆಂಗಿನಕಾಯಿ ಮೂರು. ಇದರಿಂದ 14, 15 ಲೀಟರ್ ಸಾಂಬಾರು ಆಗುತ್ತದೆ. ಮಜ್ಜಿಗೆಗೆ 6 ಲೀಟರ್ ಮೊಸರು ಕಡೆದರೆ 18, 20 ಲೀಟರ್. ಟೀಗೆ 3 ಲೀಟರ್ ಹಾಲು, 3 ಲೀಟರ್ ನೀರು, 150 ಗ್ರಾಂ ಪುಡಿ, 600 ಗ್ರಾಂ ಸಕ್ಕರೆ. ದಿನಕ್ಕೆ ಎರಡು ಸಲ ಟೀ ಎಂದು ಹಿಡಿದು ಏಳರಿಂದ ಗುಣಿಸಿ.

ಉಪ್ಪಿಟ್ಟು ಶಿಬಿರದಲ್ಲಿ ಹೆಚ್ಚು ಕೆಡುವ ತಿಂಡಿ, ಅದಕ್ಕೆ ವಿವರ ಕೊಡುತ್ತೇವೆ. ರವೆ ಐದೂವರೆ ಕೆ.ಜಿ., ನೀರು 15 ಲೀಟರ್, ಎಣ್ಣೆ 1 ಲೀಟರ್, ಈರುಳ್ಳಿ ಎರಡೂವರೆ ಕೆ.ಜಿ., ಹಸಿಮೆಣಸಿನಕಾಯಿ ಕಾಲು ಕೆ.ಜಿ. ಉಪ್ಪು 150 ಗ್ರಾಂನಿಂದ ಶುರುಮಾಡಿ, ನೀರು ಕುದಿಯುವಾಗ ಒಂದು ಚಮಚ ಆರಿಸಿ ರುಚಿ ನೋಡಿ. ಆ ನೀರು ಬಾಯಿಗೆ ಸ್ವಲ್ಪ ಜಾಸ್ತಿಯೇ ಉಪ್ಪು ಎನಿಸಬೇಕು, ರವೆ ಕುಡಿದ ಮೇಲೆ ಸರಿಹೋಗುತ್ತದೆ. ರವೆಯನ್ನು ಹಿಂದಿನ ರಾತ್ರಿಯೇ ಒಂದೊಂದು ಕೆ.ಜಿ.ಯಂತೆ ಹುರಿದು ಆರಿಸಿಡಿ. ಐದು ಕೆ.ಜಿ. ಒಟ್ಟಿಗೆ ಹಾಕಿದರೆ ಅಡಿ ಕರಿಯುತ್ತದೆ, ಮೇಲೆ ಹಸಿ ಉಳಿಯುತ್ತದೆ. ಗಂಟು ಕಟ್ಟುವುದಕ್ಕೆ ಎರಡೇ ಕಾರಣ: ನೀರು ತಳಮಳ ಕುದಿಯುವ ಮೊದಲೇ ರವೆ ಸುರಿಯುವುದು, ಸುರಿಯುವವರೇ ತಿರುವುವುದು. ಒಬ್ಬರು ಮೊರದಿಂದ ಸಣ್ಣಗೆ ಉದುರಿಸಲಿ, ಇನ್ನೊಬ್ಬರು ಉದ್ದ ಹಿಡಿಯ ಸಟ್ಟುಗದಲ್ಲಿ ಒಂದೇ ಸಮ ತಿರುವಲಿ. ಮೂರನೆಯವರು ಪಾತ್ರೆಯ ಕಿವಿ ಹಿಡಿಯಬೇಕು. ಇಲ್ಲವಾದರೆ ಒಲೆಯ ಮೇಲಿಂದ ಪಾತ್ರೆ ಜರುಗಿ ಕಾಲು ಸುಡುತ್ತದೆ.

ಅನ್ನವನ್ನು ದೊಡ್ಡ ಡಬರಿಯಲ್ಲಿ ಬಸಿಯುವುದು ಭಟ್ಟರ ಕೆಲಸ. ಕುದಿಯುವ ಗಂಜಿಯ ಪಾತ್ರೆಯನ್ನು ಹುಡುಗರು ಎತ್ತಲು ಬಿಡಬೇಡಿ. ಸಿಲಿಂಡರು ಬಳಸುವುದಾದರೆ 19 ಕೆ.ಜಿ.ಯ ವಾಣಿಜ್ಯ ಸಿಲಿಂಡರೇ ತನ್ನಿ, ಒಂದು ಹೆಚ್ಚಿಗೆ ಇರಲಿ.

ಎರಡು ನಿಯಮ ಮಾತ್ರ ಕಡ್ಡಾಯ. ಬೆಳಿಗ್ಗೆ ಹತ್ತರೊಳಗೆ ಮಧ್ಯಾಹ್ನದ ತಲೆಲೆಕ್ಕ, ಸಂಜೆ ಐದರೊಳಗೆ ರಾತ್ರಿಯದು ಭಟ್ಟರಿಗೆ ಹೇಳಬೇಕು. ಉಪನ್ಯಾಸಕ್ಕೆ ಬರುವ ಅತಿಥಿ, ಅವರ ಚಾಲಕ, ನೋಡಲು ಬಂದ ಹಳೆಯ ವಿದ್ಯಾರ್ಥಿಗಳು, ಎಲ್ಲರೂ ಆ ಲೆಕ್ಕದಲ್ಲಿ ಬರಬೇಕು. ಮತ್ತೆ, ಕಾಯಿ ಹಾಕಿದ ಸಾಂಬಾರು, ಚಟ್ನಿ, ಪಲ್ಯ ಮಧ್ಯಾಹ್ನದ್ದು ರಾತ್ರಿಗೆ ಬೇಡ. ಮಾರ್ಚ್, ಏಪ್ರಿಲ್ ಸೆಕೆಯಲ್ಲಿ ಅದು ನಾಲ್ಕು ಗಂಟೆಯೊಳಗೇ ಹುಳಿಯಬಹುದು. ಉಳಿಸಬಾರದು ಎಂಬ ಒಳ್ಳೆಯ ಮನಸ್ಸಿನಿಂದ ಬಡಿಸಿದ ಸಾಂಬಾರೇ ಎಷ್ಟೋ ಶಿಬಿರಗಳಲ್ಲಿ ವಾಂತಿ ಭೇದಿಗೆ ಕಾರಣ.

ಪ್ರಶ್ನೆ: ಪ್ರತಿ ಶಿಬಿರದಲ್ಲೂ ನಾವು ಬಚ್ಚಲು ನೀರಿಗೆ ಇಂಗುಗುಂಡಿ ತೋಡುತ್ತೇವೆ. ಮರುವರ್ಷ ಹೋದರೆ ನೀರು ನಿಂತು ನಾರುತ್ತಿರುತ್ತದೆ. ಊರವರು ಬೈಯುತ್ತಾರೆ. ತಪ್ಪೆಲ್ಲಿ?
(ಬಿ.ಎ. ವಿದ್ಯಾರ್ಥಿ, ಗದಗ)

ತಪ್ಪು ಬಹುಶಃ ನಿಮ್ಮ ಕಾಲಡಿಯ ಮಣ್ಣಿನಲ್ಲೇ ಇದೆ. ನಿಮ್ಮ ಕಡೆ ಎರೆ ಭೂಮಿ ಹೆಚ್ಚು. ಎರೆ ಒಮ್ಮೆ ನೀರು ಕುಡಿದು ಉಬ್ಬಿತೆಂದರೆ ಮುಂದಕ್ಕೆ ಇಂಗುವುದೇ ಇಲ್ಲ. ಆದ್ದರಿಂದ ಗುಂಡಿಗೆ ಮೊದಲು ಪರೀಕ್ಷೆ ಮಾಡಿ. ಆರಿಸಿದ ಜಾಗದಲ್ಲಿ ಗುಂಡಿಯಷ್ಟೇ ಆಳಕ್ಕೆ ಹಾರೆಯಿಂದ ಒಂದು ಸಣ್ಣ ಕುಳಿ ತೆಗೆಯಿರಿ. ನೀರು ತುಂಬಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಮತ್ತೆ ಅರ್ಧ ಅಡಿ ನೀರು ಹಾಕಿ, ಒಂದು ಕಡ್ಡಿಗೆ ಗುರುತು ಮಾಡಿ ನಿಲ್ಲಿಸಿ ಗಡಿಯಾರ ನೋಡಿ. ಒಂದು ಇಂಚು ಇಳಿಯಲು ಒಂದು ಗಂಟೆಗಿಂತ ಹೆಚ್ಚು ಹಿಡಿದರೆ ಆ ಜಾಗ ಬಿಟ್ಟುಬಿಡಿ. ಅಲ್ಲಿ ಬಚ್ಚಲು ನೀರನ್ನು ಕಾಲುವೆ ಮಾಡಿ ಬಾಳೆ, ಕೆಸು ಇರುವ ಪಾತಿಗೆ ತಿರುಗಿಸುವುದೇ ಸರಿ.

ಕೆಂಪು ಮಣ್ಣು, ಗರಸು ಇದ್ದಲ್ಲಿ ಗುಂಡಿ 3 ಅಡಿ ಉದ್ದ, 3 ಅಡಿ ಅಗಲ, 3 ಅಡಿ ಆಳ ಇರಲಿ. ಕುಡಿಯುವ ನೀರಿನ ಬಾವಿ, ಬೋರ್‌ವೆಲ್‌ನಿಂದ ಕನಿಷ್ಠ 50 ಅಡಿ ದೂರ, ಮನೆಯ ಗೋಡೆಯಿಂದ ನಾಲ್ಕೈದು ಅಡಿ ದೂರ. ತಳದ ಒಂದು ಅಡಿಗೆ ತೆಂಗಿನಕಾಯಿ ಗಾತ್ರದ ಕಲ್ಲು, ಅದರ ಮೇಲಿನ ಒಂದು ಅಡಿಗೆ ಮುಷ್ಟಿ ಗಾತ್ರದ್ದು, ಆಮೇಲೆ ಅರ್ಧ ಅಡಿ ನಿಂಬೆಹಣ್ಣಿನಷ್ಟು ದಪ್ಪದ ಜಲ್ಲಿ ಅಥವಾ ಇಟ್ಟಿಗೆ ಚೂರು. ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ ಹೊದಿಸಿ ಉಳಿದ ಅರ್ಧ ಅಡಿಗೆ ಮಣ್ಣು. ಹಾಳೆ ಹಾಕದಿದ್ದರೆ ಮೊದಲ ಮಳೆಗೇ ಮಣ್ಣು ಕಲ್ಲಿನ ಸಂದಿಗಿಳಿದು ಗುಂಡಿ ಸತ್ತಂತೆ.

ಬಚ್ಚಲು ನೀರು ನೇರ ಗುಂಡಿಗೆ ಬೀಳಬಾರದು. ತಳಕ್ಕೆ ಆರೇಳು ತೂತು ಕೊರೆದ ಒಂದು ಮಡಕೆಯನ್ನು ನೀರು ಬೀಳುವ ಜಾಗದಲ್ಲಿ ಬಾಯಿ ಮೇಲಾಗಿ ಕೂರಿಸಿ, ಒಳಗೆ ತೆಂಗಿನ ನಾರು ತುಂಬಿ. ಕೂದಲು, ಸೋಪಿನ ಜಿಡ್ಡು, ಅನ್ನದ ಅಗುಳು ಅಲ್ಲೇ ನಿಲ್ಲುತ್ತವೆ. ಆ ನಾರನ್ನು ವಾರಕ್ಕೊಮ್ಮೆ ತೆಗೆದು ಹೊಸದು ಹಾಕಬೇಕು. ಇದನ್ನು ಮನೆಯ ಯಜಮಾನರಿಗೆ ಹೇಳಿದರೆ ಸಾಲದು, ಬಚ್ಚಲು ತೊಳೆಯುವವರು ಯಾರೋ ಅವರ ಕೈಯಿಂದಲೇ ಒಮ್ಮೆ ಮಾಡಿಸಿ ತೋರಿಸಿ.

ಒಂದು ಗುಂಡಿಗೆ ಸುಮಾರು 22 ಘನ ಅಡಿ ಕಲ್ಲು ಬೇಕು. ಶಿಬಿರಗಳು ಸೋಲುವುದು ಇಲ್ಲೇ. ಫೋಟೋಗೆಂದು ಹತ್ತು ಗುಂಡಿ ತೋಡುತ್ತಾರೆ, ಕಲ್ಲು ಮೂರಕ್ಕೆ ಸಾಕಾಗುತ್ತದೆ, ಉಳಿದ ಏಳಕ್ಕೆ ಕೊನೆಯ ದಿನ ಮಣ್ಣನ್ನೇ ತುಂಬಿ ಬಸ್ಸು ಹತ್ತುತ್ತಾರೆ. ಕಲ್ಲು ಬಂದು ಬಿದ್ದ ಮೇಲೆಯೇ ಪಿಕಾಸಿ ಎತ್ತಿ. ಏಳು ದಿನದಲ್ಲಿ ಮೂರು ಗುಂಡಿ ಸರಿಯಾಗಿ ಆದರೆ ಅದೇ ದೊಡ್ಡ ಕೆಲಸ.

ಉಪಕರಣದ ಲೆಕ್ಕ ಹತ್ತು ಜನರ ತಂಡಕ್ಕೆ ಹೀಗೆ: ಪಿಕಾಸಿ 2, ಹಾರೆ 1, ಸಲಿಕೆ 2, ಬಾಂಡ್ಲಿ 4. ಹತ್ತೂ ಜನಕ್ಕೆ ಹತ್ತು ಪಿಕಾಸಿ ಕೊಟ್ಟರೆ ಒಬ್ಬರ ಹಿಂದೇಟಿಗೆ ಇನ್ನೊಬ್ಬರ ತಲೆ ಸಿಗುತ್ತದೆ. ಪಿಕಾಸಿ ಎತ್ತಿದವರ ಸುತ್ತ ಎಂಟು ಅಡಿ ಯಾರೂ ಇರಬಾರದು. ಹದಿನೈದು ನಿಮಿಷಕ್ಕೊಮ್ಮೆ ಕೈ ಬದಲಾಗಲಿ. ಬೊಬ್ಬೆ ಏಳುವುದು ಎರಡನೇ ಗಂಟೆಯಲ್ಲಿ ಅಲ್ಲ, ಮೊದಲ ಅರ್ಧ ಗಂಟೆಯ ಹುರುಪಿನಲ್ಲಿ. ಕಾವು ಸಡಿಲವಾದ ಪಿಕಾಸಿಯನ್ನು ಪಕ್ಕಕ್ಕೆ ಇಡಿಸಿ, ಬೆಣೆ ಹೊಡೆಸಿಯೇ ಮತ್ತೆ ಬಳಸಿ. ಸಂಜೆ ಎಲ್ಲವನ್ನೂ ತೊಳೆದು ಎಣಿಸಿ ಒಳಗಿಡಿ. ಊರವರಿಂದ ತಂದ ಸಾಮಾನಿನ ಹಿಡಿಗೆ ಯಾರ ಮನೆಯದು ಎಂದು ಬಣ್ಣದಲ್ಲಿ ಗುರುತು ಹಾಕಿ.

ಪ್ರಶ್ನೆ: ಎಲ್ಲರೂ ನನ್ನ ಕ್ಲಾಸಿನವರೇ. ನಾನು ಹೇಳಿದರೆ ನಗುತ್ತಾರೆ, ಶೌಚಾಲಯ ತೊಳೆಯಲು ಯಾರೂ ಬರುವುದಿಲ್ಲ. ತಪ್ಪಿದವರಿಗೆ ಬಸ್ಕಿ ಹೊಡೆಸಬಹುದೇ?
(ಶಿವಮೊಗ್ಗ)

ಬೇಡ. ನಿಮಗೆ ಆ ಅಧಿಕಾರ ಇಲ್ಲ, ಇದ್ದರೂ ಅದರಿಂದ ಶೌಚಾಲಯ ಸ್ವಚ್ಛವಾಗುವುದಿಲ್ಲ.

ಬಾಯಲ್ಲಿ ಹೇಳುವ ಬದಲು ಗೋಡೆಗೆ ಬರೆದು ಹಚ್ಚಿ. 50 ಜನರನ್ನು ಹತ್ತರಂತೆ ಐದು ತಂಡ ಮಾಡಿ. ಕಾವೇರಿ, ತುಂಗಾ, ಶರಾವತಿ ಎಂದು ನದಿಯ ಹೆಸರಿಡುವುದು ಹಳೆಯ ರೂಢಿ, ಚೆನ್ನಾಗಿಯೇ ಇದೆ. ಕೆಲಸವೂ ಐದು: ಅಡುಗೆಮನೆ ಸಹಾಯ, ನೀರು, ಶೌಚಾಲಯ ಮತ್ತು ಆವರಣದ ಸ್ವಚ್ಛತೆ, ಕಾರ್ಯಕ್ರಮ ಮತ್ತು ವೇದಿಕೆ, ವರದಿ ಮತ್ತು ಆರೋಗ್ಯ. ದಿನಕ್ಕೊಂದು ಸ್ಥಾನ ಜರುಗುತ್ತ ಹೋಗಲಿ. ಮೊದಲ ದಿನ ಸ್ವಚ್ಛತೆಯ ಪಾಳಿ ನಿಮ್ಮ ತಂಡದ್ದೇ ಆಗಿರಲಿ, ಬ್ರಷ್ಷು ನಿಮ್ಮ ಕೈಯಲ್ಲಿರಲಿ. ಎರಡನೇ ದಿನದಿಂದ ನಗು ತಾನಾಗಿ ಕಡಿಮೆಯಾಗುತ್ತದೆ. ಒಂದೇ ಬೆಂಚಿನ ಗೆಳೆಯರನ್ನು ಒಂದೇ ತಂಡಕ್ಕೆ ಹಾಕಬೇಡಿ. ತಂಡಕ್ಕೊಬ್ಬ ಹಳ್ಳಿಯಲ್ಲಿ ಬೆಳೆದವರು ಇರಲೇಬೇಕು. ಸೌದೆ ಒಡೆಯುವುದು, ಸಗಣಿ ಸಾರಿಸುವುದು ಪೇಟೆಯ ಮಕ್ಕಳಿಗೆ ಹೇಳಿಕೊಡುವವರು ಬೇಕಲ್ಲ.

ಅಡುಗೆಮನೆ ತಂಡ ಮಾತ್ರ ಹುಡುಗಿಯರದ್ದೇ ಆಗುವ ಚಾಳಿ ಇನ್ನೂ ಹಲವು ಕಾಲೇಜುಗಳಲ್ಲಿ ಉಂಟು. ಪಾಳಿ ಪಟ್ಟಿ ಬರೆಯುವವರು ನೀವೇ, ಅದನ್ನು ಅಲ್ಲೇ ಮುರಿಯಿರಿ.

ಪ್ರಶ್ನೆ: ಊರ ಪಕ್ಕದಲ್ಲೇ ಚೆಂದದ ಕೆರೆ ಇದೆ. ಈಜು ಬಲ್ಲವರನ್ನು ಮಾತ್ರ ಕರೆದುಕೊಂಡು ಹೋಗಬಹುದೇ?
(ಚಿಕ್ಕಮಗಳೂರು)

ಇಲ್ಲ. ಕೆರೆ, ಕೃಷಿಹೊಂಡ, ಕಲ್ಲುಕ್ವಾರಿ, ಹೊಳೆ, ನಾಲೆ ಯಾವುದಕ್ಕೂ ಇಲ್ಲ. ಮರಳು, ಮಣ್ಣು ತೆಗೆದ ಕೆರೆಯಲ್ಲಿ ಮೊಣಕಾಲು ನೀರಿನ ಮುಂದಿನ ಹೆಜ್ಜೆಗೇ ಹದಿನೈದು ಅಡಿ ಹಳ್ಳ ಇರುತ್ತದೆ. ಕೃಷಿಹೊಂಡದ ಪ್ಲಾಸ್ಟಿಕ್ ಹಾಳೆ ಪಾಚಿಗಟ್ಟಿ ಜಾರುತ್ತದೆ, ಈಜು ಬಲ್ಲವರಿಗೂ ಹತ್ತಿ ಬರಲಾಗುವುದಿಲ್ಲ. ಮುಳುಗುವವರನ್ನು ಎಳೆಯಲು ಇಳಿದ ಗೆಳೆಯನೂ ಹೋಗುತ್ತಾನೆ. ಬಟ್ಟೆ ಒಗೆಯಲು, ಸೆಲ್ಫಿಗೆ, ಕೈಕಾಲು ತೊಳೆಯಲು ಎಂಬ ನೆಪಗಳಿಗೂ ಇದೇ ಉತ್ತರ. ಶ್ರಮದಾನ ಮುಗಿದ ಬೆನ್ನಿಗೇ, ಮಧ್ಯಾಹ್ನದ ಊಟದ ನಂತರದ ಬಿಡುವಿನಲ್ಲಿ ತಲೆ ಎಣಿಸಿ. ಕೆರೆಗೆ ಹೋಗುವವರು ಹೋಗುವುದು ಆ ಎರಡು ಹೊತ್ತಿನಲ್ಲೇ.

ಪ್ರಶ್ನೆ: ಕಳೆದ ವರ್ಷ ಉದ್ಘಾಟನೆಯಲ್ಲಿ ಬಾವುಟ ಬಿಚ್ಚಿಕೊಳ್ಳಲೇ ಇಲ್ಲ. ಅತಿಥಿಗಳು ಹಗ್ಗ ಜಗ್ಗುತ್ತಲೇ ನಿಂತರು. ಈ ಸಲ ಕಟ್ಟುವ ಜವಾಬ್ದಾರಿ ನನ್ನದು.
(ಮೈಸೂರು)

ಬಾವುಟದ ಕಂಬದ ಕಡೆಯ ಅಂಚಿನ ಪಟ್ಟಿಯೊಳಗೆ ಒಂದು ದಾರ ಓಡಿರುತ್ತದೆ. ಮೇಲ್ತುದಿಯಲ್ಲಿ ಕುಣಿಕೆ ಅಥವಾ ಸಣ್ಣ ಮರದ ಗುಬಟು, ಕೆಳತುದಿಯಲ್ಲಿ ಉದ್ದ ದಾರ. ರಾಷ್ಟ್ರಧ್ವಜವಾದರೆ ಗುಬಟಿನ ಕಡೆ ಕೇಸರಿ. ಎನ್ನೆಸ್ಸೆಸ್ ಧ್ವಜವಾದರೂ ಕ್ರಮ ಇದೇ. ಕಂಬದ ಹಗ್ಗದ ಎರಡು ತುದಿಗಳಲ್ಲಿ ಯಾವುದು ರಾಟೆಯ ಕಡೆಗೆ ಮೊದಲು ಏರುತ್ತದೆ ಎಂದು ಎಳೆದು ನೋಡಿಕೊಂಡು, ಅದಕ್ಕೇ ಗುಬಟು ಸೇರಿಸಿ. ಇಲ್ಲಿ ಅದಲುಬದಲಾದರೆ ಧ್ವಜ ತಲೆಕೆಳಗು.

ಮಡಿಸುವುದು ಮೇಜಿನ ಮೇಲೆ, ನೆಲದ ಮೇಲಲ್ಲ. ಉದ್ದಕ್ಕೆ ಮಡಿಸಿ ನಾಲ್ಕು ಬೆರಳಗಲದ ಪಟ್ಟಿ ಮಾಡಿ, ಹಾರುವ ತುದಿಯಿಂದ ಕಂಬದ ತುದಿಯ ಕಡೆಗೆ ಸುತ್ತುತ್ತ ಬನ್ನಿ. ಹೂವಿನ ದಳ ಒಂದು ಹಿಡಿ ಸಾಕು, ಒಣಗಿದವು ಇರಲಿ. ಒದ್ದೆ ದಳ ಬಟ್ಟೆಗೆ ಅಂಟಿ ಕಲೆ ಮಾಡುತ್ತದೆ. ಈಗ ಕೆಳತುದಿಗೆ ಸೇರಿದ ಹಗ್ಗವನ್ನು ಈ ಸುರುಳಿಗೆ ಎರಡು ಸುತ್ತು ಸುತ್ತಿ. ಮೂರನೆಯದಕ್ಕೆ ಹಗ್ಗವನ್ನು ಪೂರ್ತಿ ತೂರಿಸದೆ, ನಡುವೆ ಮಡಚಿ ಬೆರಳುದ್ದದ ಕುಣಿಕೆ ಮಾಡಿ ಸುತ್ತಿನಡಿ ತೂರಿಸಿ. ಶೂ ಲೇಸಿನ ಹೂಗಂಟಿನ ಒಂದು ಕಿವಿ ಇದ್ದಂತೆ. ಕೆಳಗಿನಿಂದ ಒಮ್ಮೆ ಎಳೆದರೆ ಕಿವಿ ಜಾರಿ ಸುತ್ತು ಬಿಚ್ಚಬೇಕು.

ಬಿಚ್ಚದಿರುವುದು ಎರಡು ಸಂದರ್ಭದಲ್ಲಿ: ಎಲ್ಲಿ ಮಧ್ಯದಲ್ಲೇ ಬಿಚ್ಚಿಕೊಂಡೀತೋ ಎಂಬ ಭಯಕ್ಕೆ ಇನ್ನೊಂದು ಗಂಟು ಹಾಕಿದಾಗ, ಮತ್ತು ರಾತ್ರಿಯೇ ಕಟ್ಟಿಟ್ಟ ಹತ್ತಿ ಹಗ್ಗ ಇಬ್ಬನಿಗೆ ನೆನೆದು ಬಿಗಿದುಕೊಂಡಾಗ. ನೈಲಾನ್ ಹಗ್ಗದ್ದು ಇದಕ್ಕೆ ತಿರುಗು, ಅರ್ಧ ದಾರಿಯಲ್ಲೇ ಜಾರುತ್ತದೆ, ಅದಕ್ಕೆ ಮೂರು ಸುತ್ತು ಹಾಕಿ. ಹಿಂದಿನ ಸಂಜೆ ಒಂದು ಟವೆಲ್ ಕಟ್ಟಿ ಮೂರು ಸಲ ಏರಿಸಿ ನೋಡಿ. ನಿಜವಾದದ್ದನ್ನು ಬೆಳಿಗ್ಗೆಯೇ ಕಟ್ಟಿ. ಆದರೂ ಸಿಕ್ಕಿಕೊಂಡರೆ ಜಗ್ಗಾಡುವುದು ಬೇಡ, ನಿಧಾನವಾಗಿ ಇಳಿಸಿ ಸರಿಪಡಿಸಿ ಮತ್ತೆ ಏರಿಸಿ. ಅದರಲ್ಲಿ ನಾಚಿಕೆಯದೇನಿಲ್ಲ.

ಪ್ರಶ್ನೆ: ಆರೋಗ್ಯದ ಜವಾಬ್ದಾರಿ ನನ್ನದು. ಪೆಟ್ಟಿಗೆಯಲ್ಲಿ ಏನೇನಿರಬೇಕು? ಹಾವಿನ ಭಯವೂ ಇದೆ.
(ಬಿ.ಎಸ್ಸಿ. ವಿದ್ಯಾರ್ಥಿನಿ, ಉಡುಪಿ)

ಪೆಟ್ಟಿಗೆಗಿಂತ ಮೊದಲು ಒಂದು ಪಟ್ಟಿ ಬೇಕು. ಹೊರಡುವ ಮುನ್ನ ಪ್ರತಿಯೊಬ್ಬರಿಂದ ಬರೆಸಿಕೊಳ್ಳಿ: ಆಸ್ತಮಾ, ಮೂರ್ಛೆ, ಸಕ್ಕರೆ ಕಾಯಿಲೆ, ಯಾವುದಾದರೂ ಮಾತ್ರೆಗೆ ಅಲರ್ಜಿ, ಈಗ ತೆಗೆದುಕೊಳ್ಳುತ್ತಿರುವ ಔಷಧ, ಮನೆಯವರ ಎರಡು ಫೋನ್ ನಂಬರು. ಈ ಹಾಳೆ ಅಧಿಕಾರಿಗಳ ಬಳಿ ಒಂದು, ನಿಮ್ಮ ಬಳಿ ಒಂದು. ಬೇರೆಯವರಿಗೆ ತೋರಿಸುವಂತಿಲ್ಲ.

ಪೆಟ್ಟಿಗೆಯಲ್ಲಿ ಓಆರ್‌ಎಸ್ ಪೊಟ್ಟಣ 30, ಗಾಜ್ ಮತ್ತು ರೋಲರ್ ಬ್ಯಾಂಡೇಜ್, ಅಂಟುಪಟ್ಟಿ, ನಂಜುನಿರೋಧಕ ದ್ರಾವಣ, ಕತ್ತರಿ, ಮುಳ್ಳು ತೆಗೆಯುವ ಚಿಮಟ, ಥರ್ಮಾಮೀಟರ್, ಕೈಗವಸು, ಕ್ರೇಪ್ ಬ್ಯಾಂಡೇಜ್, ಸ್ಯಾನಿಟರಿ ಪ್ಯಾಡ್ ಇರಲಿ. ಪ್ಯಾಡನ್ನು ಮಾತ್ರ ಬೀಗದೊಳಗೆ ಇಡಬೇಡಿ, ಹುಡುಗಿಯರ ಕೋಣೆಯಲ್ಲಿ ಕೇಳದೆ ತೆಗೆದುಕೊಳ್ಳುವಂತೆ ಇಡಿ. ಶೌಚಾಲಯದ ಬಳಿ ಹಳೆಯ ಪೇಪರು ಮತ್ತು ಮುಚ್ಚಳದ ಬಕೆಟ್ ಇರಲಿ. ಮಾತ್ರೆ ಕೊಡುವ ಕೆಲಸ ನಿಮ್ಮದಲ್ಲ. ತಲೆನೋವಿಗೂ ಅಧಿಕಾರಿಗಳನ್ನು ಕೇಳಿಯೇ.

ವಾಂತಿ ಭೇದಿ ಶುರುವಾದರೆ ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಓಆರ್‌ಎಸ್ ಕಲಸಿ. ದೊಡ್ಡ ಪೊಟ್ಟಣ ಒಂದು ಲೀಟರಿಗೆ. ಒಂದು ಲೋಟಕ್ಕೆ ಪೂರ್ತಿ ಸುರಿಯುವುದು ಸಾಮಾನ್ಯ ತಪ್ಪು, ಅದರಿಂದ ಭೇದಿ ಹೆಚ್ಚಾಗುತ್ತದೆ. ಪೊಟ್ಟಣ ಮುಗಿದರೆ ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಮಟ್ಟಸವಾದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಒಂದೇ ದಿನ ಮೂವರಿಗೆ ಹೊಟ್ಟೆ ಕೆಟ್ಟಿತೆಂದರೆ ಅದು ಅವರ ಹೊಟ್ಟೆಯ ದೋಷವಲ್ಲ, ನೀರಿನದೋ ಅಡುಗೆಯದೋ. ಕೂಡಲೇ ಅಧಿಕಾರಿಗಳಿಗೂ ಆರೋಗ್ಯ ಕೇಂದ್ರಕ್ಕೂ ತಿಳಿಸಿ. ಬಾವಿ, ತೊಟ್ಟಿಯ ನೀರು ಬಳಸುವುದಾದರೆ 1,000 ಲೀಟರಿಗೆ ಎರಡೂವರೆ ಗ್ರಾಂ ಒಳ್ಳೆಯ ಬ್ಲೀಚಿಂಗ್ ಪೌಡರ್. ಬಕೆಟ್ಟಿನಲ್ಲಿ ಕಲಕಿ, ಸುಣ್ಣ ತಳಕ್ಕೆ ಕೂತ ಮೇಲೆ ತಿಳಿಯನ್ನು ಮಾತ್ರ ತೊಟ್ಟಿಗೆ ಹಾಕಿ, ಒಂದು ಗಂಟೆ ಬಿಡಿ. ಬಿಸಿಲಿಗೆ ತೆರೆದಿಟ್ಟ ಹಳೆಯ ಪುಡಿಯಲ್ಲಿ ಸತ್ವ ಇರುವುದಿಲ್ಲ. ಕುಡಿಯುವ ನೀರು ಶ್ರಮದಾನದ ದಿನಗಳಲ್ಲಿ ತಲೆಗೆ 4 ಲೀಟರ್, ಅಂದರೆ 20 ಲೀಟರಿನ 12 ಕ್ಯಾನ್.

ಹಾವಿನ ವಿಷಯ. ಹಗಲಿಗಿಂತ ರಾತ್ರಿಯದೇ ಹೆಚ್ಚು ಎಚ್ಚರ, ಏಕೆಂದರೆ ನೀವು ನೆಲದ ಮೇಲೆ ಮಲಗುತ್ತೀರಿ. ಕಟ್ಟುಹಾವು ರಾತ್ರಿ ಓಡಾಡುವ ಹಾವು. ಮಲಗಿದವರಿಗೆ ಕಚ್ಚಿದರೆ ನೋವೂ ಆಗದಿರಬಹುದು, ಗುರುತೂ ಕಾಣದಿರಬಹುದು. ನಸುಕಿನಲ್ಲಿ ಎದ್ದವರು ಹೊಟ್ಟೆನೋವು ಎನ್ನುತ್ತಿದ್ದರೆ, ಕಣ್ಣಿನ ರೆಪ್ಪೆ ಎತ್ತಲಾಗದಿದ್ದರೆ, ನುಂಗಲು ಕಷ್ಟವಾದರೆ ಗ್ಯಾಸ್ಟ್ರಿಕ್ ಎಂದು ಕೂರಬೇಡಿ, ಆಸ್ಪತ್ರೆಗೆ ಹೊರಡಿ. ಕಚ್ಚಿದ್ದು ಯಾವ ಹಾವಾದರೂ 108ಕ್ಕೆ ಕರೆ ಮಾಡಿ. ಉಂಗುರ, ಬಳೆ, ಶೂ ತೆಗೆಯಿರಿ. ಕೈಕಾಲು ಅಲುಗದಂತೆ ಹಲಗೆ ಇಟ್ಟು ಸಡಿಲವಾಗಿ ಕಟ್ಟಿ, ನಡೆಸಬೇಡಿ. ಬಿಗಿಯಾಗಿ ದಾರ ಕಟ್ಟುವುದು, ಕೊಯ್ಯುವುದು, ಹೀರುವುದು, ಹಾವು ಹುಡುಕಿ ಕೊಲ್ಲಲು ಹೋಗುವುದು ಯಾವುದೂ ಬೇಡ. ವಿಷಕ್ಕೆ ಪ್ರತಿವಿಷದ ಚುಚ್ಚುಮದ್ದು ಒಂದೇ ಮದ್ದು. ಹತ್ತಿರದ ಯಾವ ಆಸ್ಪತ್ರೆಯಲ್ಲಿ ಅದು ಸಿಗುತ್ತದೆ ಎಂದು ಮೊದಲ ಭೇಟಿಯಲ್ಲೇ ಕೇಳಿಟ್ಟುಕೊಳ್ಳಿ.

ತಡೆಗೆ: ಚಾಪೆ ಗೋಡೆಯಿಂದ ಒಂದು ಅಡಿ ಈಚೆ, ಸೊಳ್ಳೆಪರದೆಯ ಅಂಚು ಹಾಸಿಗೆಯಡಿ, ರಾತ್ರಿ ಹೊರಗೆ ಹೋದರೆ ಟಾರ್ಚು, ಶೂ ಹಾಕುವ ಮುನ್ನ ಕೊಡವುವುದು. ದಿನಸಿ ಇಟ್ಟ ಕೋಣೆಯಲ್ಲಿ ಯಾರೂ ಮಲಗಬಾರದು. ಅಕ್ಕಿಗೆ ಇಲಿ ಬರುತ್ತದೆ, ಇಲಿಗೆ ಹಾವು.

ಪ್ರಶ್ನೆ: ನಮ್ಮದು ಪದವಿಪೂರ್ವ ಕಾಲೇಜು. ಕಿರಿಯಳೊಬ್ಬಳು ನನ್ನ ಬಳಿ ಬಂದು ಯಾರಿಗೂ ಹೇಳಬೇಡ ಎಂದು ಏನಾದರೂ ಹೇಳಿಕೊಂಡರೆ ನಾನೇನು ಮಾಡಬೇಕು?
(ತಂಡದ ನಾಯಕಿ, ಊರು ಬೇಡ ಎಂದಿದ್ದಾರೆ)

ಒಳ್ಳೆಯ ಪ್ರಶ್ನೆ. "ಯಾರಿಗೂ ಹೇಳುವುದಿಲ್ಲ" ಎಂಬ ಮಾತು ಮೊದಲೇ ಕೊಡಬೇಡಿ. "ನಿನಗೆ ಸಹಾಯ ಮಾಡುವವರಿಗೆ ಮಾತ್ರ ಹೇಳುತ್ತೇನೆ" ಎನ್ನಿ. ಅವಳು ಹೇಳಿದ್ದನ್ನು ಅವಳ ಮಾತಿನಲ್ಲೇ ಕೇಳಿಸಿಕೊಳ್ಳಿ, ನೀವಾಗಿ ಪ್ರಶ್ನೆಗಳ ಮಳೆ ಸುರಿಸಬೇಡಿ, ಆರೋಪಕ್ಕೆ ಒಳಗಾದವರನ್ನು ನೀವೇ ಹೋಗಿ ವಿಚಾರಿಸಬೇಡಿ. 18 ವರ್ಷದೊಳಗಿನವರ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ತಿಳಿದವರು ಯಾರೇ ಆಗಲಿ ಪೊಲೀಸರಿಗೆ ತಿಳಿಸುವುದನ್ನು 2012ರ ಪೋಕ್ಸೊ ಕಾಯ್ದೆ ಕಡ್ಡಾಯ ಮಾಡಿದೆ. ತಿಳಿದೂ ಮುಚ್ಚಿಡುವುದು ಅಪರಾಧ. ಅದೇ ಹೊತ್ತಿಗೆ ಶಿಬಿರದಲ್ಲಿರುವ ಮಹಿಳಾ ಅಧ್ಯಾಪಕರಿಗೆ ಹೇಳಿ. ಅವರು ಶಿಬಿರದ ಹೆಸರು ಕೆಡುತ್ತದೆ ಎಂದು ಹಿಂಜರಿದರೆ ಮಕ್ಕಳ ಸಹಾಯವಾಣಿ 1098ಕ್ಕೆ ನೀವೇ ಕರೆ ಮಾಡಬಹುದು.

ಹುಡುಗಿಯರ ಕೋಣೆಗೆ ಒಳಗಿನಿಂದ ಚಿಲಕ, ಅದೇ ಕೋಣೆಯಲ್ಲಿ ಅಥವಾ ಪಕ್ಕದಲ್ಲಿ ಮಹಿಳಾ ಅಧ್ಯಾಪಕರು, ರಾತ್ರಿ ಶೌಚಕ್ಕೆ ಹೋಗುವಾಗ ಇಬ್ಬರು ಜತೆಗೆ. ಊರೊಳಗೆ ಸಮೀಕ್ಷೆಗೆ ಹೋಗುವಾಗಲೂ ಒಬ್ಬರೇ ಬೇಡ.

ಪ್ರಶ್ನೆ: ಮನೆ ಮನೆ ಸಮೀಕ್ಷೆಗೆ ಹೋದರೆ ಅರ್ಧ ಮನೆಗೆ ಬೀಗ, ಉಳಿದರ್ಧ "ಇದರಿಂದ ನಮಗೇನು ಬರುತ್ತೆ?" ಎನ್ನುತ್ತಾರೆ.
(ಕೋಲಾರ)

ಹನ್ನೊಂದು ಗಂಟೆಗೆ ಹೋದರೆ ಬೀಗವೇ ಇರುತ್ತದೆ, ಎಲ್ಲರೂ ಹೊಲದಲ್ಲಿ. ನಿಮ್ಮ ಕಡೆ ಬೆಳಿಗ್ಗೆ ಸಂಜೆ ಹಾಲಿನ ಡೈರಿ ಮುಂದೆ ಜನ ಸೇರುತ್ತಾರೆ, ಪರಿಚಯಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಏನು ಬರುತ್ತದೆ ಎಂದವರಿಗೆ "ಏನೂ ಬರುವುದಿಲ್ಲ, ನಾವು ವಿದ್ಯಾರ್ಥಿಗಳು, ಲೆಕ್ಕ ತೆಗೆದು ಪಂಚಾಯಿತಿಗೆ ಕೊಡುತ್ತೇವೆ" ಎಂದು ನೇರ ಹೇಳಿ. ಪಿಂಚಣಿ, ಮನೆ ಎಂದು ಆಸೆ ಹುಟ್ಟಿಸಬೇಡಿ. ಪ್ರಶ್ನೆ ಒಂದೇ ಹಾಳೆಯಲ್ಲಿ ಮುಗಿಯಲಿ, ಮೊದಲು ಮೂರು ಮನೆಯಲ್ಲಿ ಕೇಳಿ ನೋಡಿ ತಿದ್ದಿ. ಆಧಾರ್ ಸಂಖ್ಯೆ, ಬ್ಯಾಂಕ್ ವಿವರ ಬರೆದುಕೊಳ್ಳಲೇಬೇಡಿ.

ಪ್ರಶ್ನೆ: ಉಪನ್ಯಾಸಕರು ಬರುವುದು ಒಂದು ಗಂಟೆ ತಡವಾದರೆ?
(ಹಾವೇರಿ)

ತಡವಾಗುತ್ತದೆ ಎಂದೇ ಇಟ್ಟುಕೊಳ್ಳಿ. ದಿನಕ್ಕೊಂದು ತಂಡ ಅರ್ಧ ಗಂಟೆಯ ಏನಾದರೂ ಸಿದ್ಧವಾಗಿಟ್ಟಿರಲಿ: ಜನಪದ ಗೀತೆ, ರಸಪ್ರಶ್ನೆ, ಮರುದಿನದ ಕೆಲಸದ ಚರ್ಚೆ. ಊಟದ ಹೊತ್ತನ್ನು ಮಾತ್ರ ಯಾವ ಅತಿಥಿಗಾಗಿಯೂ ಮುಂದೂಡಬೇಡಿ.

ಪ್ರಶ್ನೆ: ಸಮಾರೋಪದ ದಿನ ಎಲ್ಲ ಗೊಂದಲ. ಅಳು, ಫೋಟೋ, ಬಸ್ಸು. ಪ್ರತಿ ಸಲ ಏನಾದರೂ ಬಿಟ್ಟು ಬರುತ್ತೇವೆ.
(ದಾವಣಗೆರೆ)

ಸಮಾರೋಪ ಮಧ್ಯಾಹ್ನವಾದರೆ ಬೆಳಿಗ್ಗೆ ತಿಂಡಿಯ ಬೆನ್ನಿಗೇ ಕೋಣೆ ಖಾಲಿ ಮಾಡಿಸಿ. ಚೀಲಗಳೆಲ್ಲ ಒಂದೇ ಜಗಲಿಯಲ್ಲಿ, ತಂಡವಾರು. ಬಾಡಿಗೆ ಪಾತ್ರೆಗಳನ್ನು ತಂದ ದಿನದ ಚೀಟಿ ಹಿಡಿದು ಎಣಿಸಿ. ಸೌಟು ಮತ್ತು ಮುಚ್ಚಳ ಯಾವಾಗಲೂ ಒಂದೆರಡು ಕಡಿಮೆ ಇರುತ್ತವೆ, ಪಕ್ಕದ ಮನೆಯ ಅಂಗಳದಲ್ಲಿ ಹುಡುಕಿ. ಊರವರ ಪಿಕಾಸಿ, ಸಲಿಕೆಗಳನ್ನು ಹಿಂದಿನ ಸಂಜೆಯೇ ಮನೆ ಮನೆಗೆ ಮುಟ್ಟಿಸಿ. ಅಂಗಡಿ ಬಿಲ್ಲುಗಳ ಹಿಂದೆ ದಿನಾಂಕ, ಯಾವುದಕ್ಕೆ, ಯಾರು ತಂದದ್ದು ಎಂದು ಬರೆದು ದಿನಕ್ಕೊಂದು ಲಕೋಟೆಯಲ್ಲಿ ಹಾಕಿಡಿ. ಸೊಪ್ಪು ಮಾರುವ ಅಜ್ಜಿ ಬಿಲ್ಲು ಕೊಡುವುದಿಲ್ಲ, ಅಂಥದ್ದಕ್ಕೆ ಅಂದೇ ವೋಚರು ಬರೆದು ಸಹಿಯೋ ಹೆಬ್ಬೆಟ್ಟೋ ಹಾಕಿಸಿ. ಏಳು ದಿನದ್ದನ್ನು ಕೊನೆಗೆ ನೆನಪಿನಿಂದ ಬರೆದರೆ ಲೆಕ್ಕ ಎಂದೂ ಕೂಡುವುದಿಲ್ಲ.

ಉಳಿದ ಅಕ್ಕಿ, ಬೇಳೆ ತೂಗಿ ಬರೆದು ಅಧಿಕಾರಿಗಳು ಹೇಳಿದವರಿಗೆ ಕೊಡಿ. ಶೌಚಾಲಯ ತೊಳೆದು, ಟ್ಯಾಂಕು ತುಂಬಿಸಿ, ಕಪ್ಪುಹಲಗೆಯ ಮೇಲೆ ನೀವು ಬರೆದದ್ದನ್ನು ಅಳಿಸಿ, ಬೀಗದಕೈಯನ್ನು ಮುಖ್ಯೋಪಾಧ್ಯಾಯರ ಕೈಗೇ ಕೊಡಿ. ಬಸ್ಸು ಹೊರಡುವ ಮುನ್ನ ಇಬ್ಬರು ಎರಡು ತುದಿಯಿಂದ ತಲೆ ಎಣಿಸಲಿ. ಎರಡು ಎಣಿಕೆಯೂ ಒಂದೇ ಬಂದ ಮೇಲೆ ರೈಟ್ ಹೇಳಿ.